ಜಿಂಕೆ ಬೇಟೆಯ ಬಿಡಾರದ ದೀಪ: ಕೋಲ್ಮನ್ 200ಎ ಲಾಂದ್ರ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಉತ್ತರದ ಕಾಡುಗಳಲ್ಲಿ ಜಿಂಕೆ ಬೇಟೆಗೆಂದು ಬಿಡಾರ ಹೂಡುತ್ತಿದ್ದ ಹಿರಿಯರ ಸಂಜೆಗಳನ್ನು ಬೆಳಗಿದ ದೀಪಗಳಲ್ಲಿ ಕೋಲ್ಮನ್ ಕಂಪನಿಯ ಈ 200ಎ ಲಾಂದ್ರವೂ ಒಂದು. ಒಂದೇ ಮ್ಯಾಂಟಲ್ (ಉರಿಯಲ್ಲಿ ಕಾದು ಬೆಳಕು ಚೆಲ್ಲುವ ಬಟ್ಟೆಯ ಬಲೆ) ಇರುವ ಈ ಕೆಂಪು ಲಾಂದ್ರ 1951ರಿಂದ 1983ರವರೆಗೆ ತಯಾರಾಯಿತು. ಹಾಗಾಗಿ ಈಗ ಬೇಕೆನ್ನುವವರು ಹಳೆಯದನ್ನೇ ಕೊಳ್ಳಬೇಕು. ನನ್ನ ಬಳಿ ಇರುವುದು ಅಂಥ ಬಿಡಾರವೊಂದರ ಗೋಡೆಯಿಂದ ಇಳಿದು ಬಂದದ್ದು.

ಪೆಟ್ರೋಮ್ಯಾಕ್ಸ್ ಕಂಡವರಿಗೆ ಇದು ಹೊಸದೆನಿಸದು. ಆದರೆ ಇದು ಸೀಮೆಎಣ್ಣೆಯ ಬದಲು ಬಣ್ಣವಿಲ್ಲದ ಶುದ್ಧ ಪೆಟ್ರೋಲ್‌ನಿಂದ ಉರಿಯುವುದರಿಂದ, ಸ್ಪಿರಿಟ್ ಹಚ್ಚಿ ಮೊದಲು ಬಿಸಿ ಮಾಡುವ ಕೆಲಸವಿಲ್ಲ; ಪಂಪ್ ಒತ್ತಿ ಗಾಳಿ ತುಂಬಿ, ಕಡ್ಡಿ ಗೀರಿ, ಕೀಲಿ ತಿರುಗಿಸಿದರೆ ಸಾಕು, ಭುಸುಗುಡುತ್ತಾ ಹೊತ್ತಿಕೊಳ್ಳುತ್ತದೆ.

ಆ ಸದ್ದನ್ನು ನಾನು ಇದರ ಕೊರತೆಯೆಂದು ಎಣಿಸುವುದಿಲ್ಲ. ಸೌದೆ ಒಲೆಯ ಮೇಲೆ ಹಗ್ಗಕ್ಕೆ ನೇತುಹಾಕಿದ ಉಣ್ಣೆಯ ಕೋಟುಗಳು ಹಬೆಯಾಡುತ್ತಿರುವಾಗ, ಮೇಜಿನ ಸುತ್ತ ಇಸ್ಪೀಟಾಡುತ್ತಾ ಕುಳಿತವರು ಅಂದು ಕಂಡ ಕೊಂಬಿನ ಗಂಡುಜಿಂಕೆಯ ಕಥೆಯನ್ನು ಹೇಳುತ್ತಿದ್ದುದು ಈ ಭುಸುಗುಡುವಿಕೆಯ ನಡುವೆಯೇ. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಮತ್ತು ವರ್ಷ ಬರೆದು ಗೋಡೆಗೆ ಮೊಳೆ ಹೊಡೆಯುವ ಪದ್ಧತಿ ಅಲ್ಲಿತ್ತು. ದಶಕಗಳ ಆ ಬಟ್ಟೆಚೂರುಗಳನ್ನು ಒಂದೊಂದಾಗಿ ಓದಲು ಈ ಒಂದು ದೀಪದ ಬೆಳಕೇ ಸಾಕಾಗುತ್ತಿತ್ತು. ನವೆಂಬರ್ ಕೊನೆಯ ಗುರುವಾರದ ಹೊತ್ತಿಗೆ ಬರುವ ಅಮೆರಿಕದ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ ಬೇಟೆಯ ಋತು ಆರಂಭವಾಗುತ್ತಿದ್ದ ಆ ಕಾಲದಲ್ಲಿ ಹಲವೆಡೆ ಶಾಲೆಗಳಿಗೂ ರಜೆ ಇರುತ್ತಿದ್ದುದರಿಂದ ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಸೂರಿನಡಿ ಸೇರುತ್ತಿದ್ದರು. 2019ರಿಂದ ಆರಂಭದ ದಿನ ಶನಿವಾರಕ್ಕೆ ಬದಲಾಗಿದೆ. ಉದ್ಯೋಗಸ್ಥರಿಗೆ ಅದರಿಂದ ಅನುಕೂಲವಾಯಿತೆಂದು ಒಪ್ಪುತ್ತೇನೆ; ಆದರೂ ಭಾನುವಾರದ ಇಡೀ ಹಗಲನ್ನು ಬಿಡಾರ ಗುಡಿಸಿ, ಬಂದೂಕು ಒರೆಸಿ, ಒಟ್ಟಿಗೆ ಅಡುಗೆ ಮಾಡುತ್ತಾ ಕಳೆಯುತ್ತಿದ್ದ ಸಡಗರ ಹೋಯಿತಲ್ಲ ಎಂಬ ನೋವು ನನಗಿದೆ.

ಕೊಳ್ಳುವವರು ಮೊದಲು ಪಂಪ್ ಪರೀಕ್ಷಿಸಲಿ. ಒಳಗಿನ ಚರ್ಮದ ಬಿಲ್ಲೆ ಒಣಗಿದ್ದರೆ ಗಾಳಿ ಹಿಡಿಯುವುದಿಲ್ಲ. ಅನೇಕ ಸಲ ಎರಡು ಹನಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ. ಟ್ಯಾಂಕಿನೊಳಗೆ ತುಕ್ಕು ಹಿಡಿದಿದ್ದರೆ ಮಾತ್ರ ಬಿಟ್ಟುಬಿಡುವುದು ಒಳ್ಳೆಯದು. ಹೊಸ ಮ್ಯಾಂಟಲನ್ನು ಕಟ್ಟಿ, ಇಂಧನ ಬಿಡುವ ಮೊದಲೇ ಸುಟ್ಟು ಬೂದಿಯಾಗಿಸಬೇಕು. ಆ ಬಳಿಕ ಅದು ಬೆರಳು ತಾಕಿದರೂ ಉದುರುವಷ್ಟು ನಾಜೂಕು. ಮುಚ್ಚಿದ ಡೇರೆಯಲ್ಲಿ ಇದನ್ನು ಉರಿಸಲೇಬಾರದು, ಏಕೆಂದರೆ ಇದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಬುಡವನ್ನು ತಿರುಗಿಸಿ ನೋಡಿದರೆ ತಯಾರಾದ ತಿಂಗಳು ಮತ್ತು ವರ್ಷ ಅಚ್ಚಾಗಿರುತ್ತವೆ. ತಾವು ಹುಟ್ಟಿದ ತಿಂಗಳಿನದೇ ಬೇಕೆಂದು ಹುಡುಕುವ ಸಂಗ್ರಾಹಕರೂ ಇದ್ದಾರೆ. ಬ್ಯಾಟರಿ ದೀಪಗಳು ಹಗುರವೂ ಸುರಕ್ಷಿತವೂ ಆಗಿರುವುದರಿಂದ ಬರಿಯ ಬೆಳಕಷ್ಟೇ ಬೇಕಾದವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಹಳೆಯ ಬಿಡಾರವನ್ನು ಇನ್ನೂ ಉಳಿಸಿಕೊಂಡಿರುವ ಕುಟುಂಬಗಳು ಮಾತ್ರ ತಪ್ಪದೆ ಒಂದನ್ನು ಇಟ್ಟುಕೊಳ್ಳಬೇಕು.