ಬೈಲಾ ತಿದ್ದೋಕೆ ಎಷ್ಟು ಓಟು? ಅಮೆರಿಕದ ದಾರಿಯೋ, ನಮ್ಮದೋ?

ಉಡುಪಿಯಲ್ಲಿ ನಮ್ಮ ಯುವಕ ಮಂಡಲದ ಬೈಲಾ ಬರೆಯಲು ಕೂತಾಗ, ಅದನ್ನು ಮುಂದೆ ತಿದ್ದೋಕೆ ಎಷ್ಟು ಓಟು ಬೇಕು ಅನ್ನುವ ಒಂದೇ ಮಾತಿಗೆ ಎರಡು ತಟ್ಟೆ ಗೋಳಿಬಜೆ ಖಾಲಿಯಾಯಿತು. ನೀವೂ ಇದೇ ಗೊಂದಲದಲ್ಲಿದ್ದರೆ ಎರಡು ದೇಶಗಳ ಸಂವಿಧಾನ ನೋಡಿ.

ಅಮೆರಿಕದ್ದು ಬಿಗಿ. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ, ಆಮೇಲೆ 50 ರಾಜ್ಯಗಳಲ್ಲಿ 38 ಒಪ್ಪಬೇಕು. 13 ರಾಜ್ಯ ಸುಮ್ನೆ ಕೂತರೂ ಕೆಲಸ ಕೆಟ್ಟಿತು. ಈವರೆಗೆ ಆಗಿದ್ದು 27 ತಿದ್ದುಪಡಿ, ಕೊನೆಯದು 1789ರಲ್ಲಿ ಹೊರಟು 1992ರಲ್ಲಿ ದಡ ಮುಟ್ಟಿತು!

ನಮ್ಮ ಭಾರತದಲ್ಲಿ ವಿಷಯಕ್ಕೆ ತಕ್ಕ ಬೀಗ. ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕ ಆಗೋಕೆ ಸಂಸತ್ತಿನ ಸಾದಾ ಬಹುಮತ ಸಾಕಾಯಿತು. ಉಳಿದ ಹೆಚ್ಚಿನದಕ್ಕೆ ಪ್ರತಿ ಸದನದಲ್ಲೂ ಒಟ್ಟು ಸದಸ್ಯರ ಅರ್ಧಕ್ಕಿಂತ ಜಾಸ್ತಿ, ಜೊತೆಗೆ ಹಾಜರಿದ್ದು ಓಟು ಹಾಕಿದವರಲ್ಲಿ ಮೂರನೇ ಎರಡರಷ್ಟು ಬೇಕು. ಜಿಎಸ್‌ಟಿಯಂತೆ ರಾಜ್ಯಗಳಿಗೆ ತಟ್ಟುವ ವಿಷಯವಾದರೆ ಕನಿಷ್ಠ ಅರ್ಧ ರಾಜ್ಯಗಳ ಒಪ್ಪಿಗೆಯೂ ಬೇಕು. ಮೂಲ ರಚನೆಯನ್ನಂತೂ, ಅಂದರೆ ಸಂವಿಧಾನದ ಬುನಾದಿ ತತ್ವಗಳನ್ನು, ಕೆಡಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಆ ತೀರ್ಪು ಬಂದದ್ದೂ 1973ರಲ್ಲೇ, ಅರ್ಜಿ ಹಾಕಿದವರು ನಮ್ಮ ಪಕ್ಕದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ.

ಮಂಡಲಕ್ಕೆ ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ವಂತಿಗೆ ಏರಿಸೋಕೆ ಸಾದಾ ಬಹುಮತ, ಜಾಗ ಮಾರೋಕೆ ಮುಕ್ಕಾಲು ಓಟು. ಆದರೆ ಮುಕ್ಕಾಲು ಅಂದರೆ ಒಟ್ಟು ಸದಸ್ಯರದ್ದೋ, ಸಭೆಗೆ ಬಂದವರದ್ದೋ ಅಂತ ಈಗಲೇ ಬರೆದಿಡಿ. ನಮ್ಮಲ್ಲಿ ಅರ್ಧ ಜನ ಮುಂಬೈಯಲ್ಲೇ ಇರೋದು, ಅಲ್ವಾ?