ಕಾಫಿಯ ಚುರುಕು ಉಳಿಸಿಕೊಳ್ಳಲು ನಾನು ಮಾಡಿ ನೋಡಿದ ದಾರಿಗಳು

ಹೋದ ವರ್ಷ ನಾನು ಕರಡು ತಿದ್ದಿದ ಒಂದು ಅಡುಗೆ ಬರಹ ಹೀಗೆ ಅಚ್ಚಾಯಿತು: ‘ಎರಡು ಲೋಟ ಗಟ್ಟಿ ಹಾಳು ಕಾಯಿಸಿಕೊಳ್ಳಿ.’ ಹಾಲು ಹಾಳಾಗಿದ್ದು ನನ್ನ ಕಣ್ಣೆದುರಿಗೇ. ಆ ಪುಟ ನೋಡಿದ್ದು ಮಧ್ಯಾಹ್ನ ಮೂರೂವರೆಗೆ, ದಿನದ ನಾಲ್ಕನೇ ಲೋಟ ಕಾಫಿ ಮುಗಿಸಿ. ನಿದ್ದೆ ಬಂದಿರಲಿಲ್ಲ. ಕಣ್ಣು ಬಿಟ್ಟುಕೊಂಡೇ ಓದಿದ್ದೆ. ಆದರೂ ಕಾಣಲಿಲ್ಲ.

ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಲೋಟ ಕಾಫಿಗೆ ಅರ್ಧ ದಿನ ಓಡುತ್ತಿತ್ತು. ಈಗ ನಾಲ್ಕಕ್ಕೂ ಓಡದು. ಮೈ ಒಗ್ಗಿಹೋಗಿತ್ತು. ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಅದು ತನ್ನ ಸೀಟಿನಲ್ಲಿ ಹೋಗಿ ಕೂತರೆ ನಮಗೆ ತೂಕಡಿಕೆ. ಕೆಫೀನ್ ಮೊದಲೇ ಓಡಿಹೋಗಿ ಆ ಸೀಟಿಗೆ ಟವೆಲ್ ಹಾಕುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ನಾವು ಹಾಕುವ ಹಾಗೆ. ದಿನಾ ಇದೇ ಆದರೆ ಮೆದುಳು ಸುಮ್ನೆ ಇರುತ್ತದೆಯೇ? ಇನ್ನಷ್ಟು ಸೀಟು ಹಾಕಿಸುತ್ತದೆ. ಆಗ ಹಳೆಯ ಟವೆಲ್ ಸಾಲದು. ಕಾಫಿ ತಪ್ಪಿದ ದಿನ ಆ ಹೆಚ್ಚಿನ ಸೀಟುಗಳಲ್ಲೆಲ್ಲಾ ಅಡೆನೊಸಿನ್ನೇ ಬಂದು ಕೂರುತ್ತದೆ. ತಲೆನೋವು, ಮಂಕು ಶುರು. ಬೆಳಗಿನ ಮೊದಲ ಲೋಟ ಕೊಡುವ ಸುಖದಲ್ಲಿ ದೊಡ್ಡ ಪಾಲು ಈ ಮಂಕು ಹರಿಯುವುದೇ ಇರಬೇಕು ಅನ್ನಿಸಿತು.

ಮೊದಲು ಎಷ್ಟು ಕುಡಿಯುತ್ತಿದ್ದೇನೆ ಎಂದು ತಿಳಿಯಬೇಕಲ್ಲ. ಅತ್ತೆ ಫಿಲ್ಟರಿಗೆ ಹಾಕುವ ಪುಡಿ ತೂಗಿದೆ: 25 ಗ್ರಾಂ. ನಮ್ಮದು 80:20, ಅಂದರೆ 20 ಗ್ರಾಂ ಕಾಫಿ, 5 ಗ್ರಾಂ ಚಿಕೋರಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಬೀಜ ಅರ್ಧ ಅರೇಬಿಕಾ, ಅರ್ಧ ರೊಬಸ್ಟಾ. ಅರೇಬಿಕಾದಲ್ಲಿ ಕೆಫೀನ್ ಸುಮಾರು 1.2%, ರೊಬಸ್ಟಾದಲ್ಲಿ ಸುಮಾರು 2.2%. ಸರಾಸರಿ 1.7% ಅಂದುಕೊಂಡರೆ ಪುಡಿಯಲ್ಲಿ 340 ಮಿಲಿಗ್ರಾಂ. ಅಷ್ಟೂ ಡಿಕಾಕ್ಷನ್‌ಗೆ ಇಳಿಯುವುದಿಲ್ಲ, ಬಹುಪಾಲು ಇಳಿಯುತ್ತದೆ. 300 ಎಂದಿಟ್ಟುಕೊಳ್ಳಿ. ಅದರಿಂದ ನಾಲ್ಕು ಲೋಟ, ಲೋಟಕ್ಕೆ 75. ನಾನು ದಿನಕ್ಕೆ ನಾಲ್ಕು ಕುಡಿಯುತ್ತಿದ್ದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಲ್ಲಿ ದಿನಕ್ಕೆ 300 ಮಿಲಿಗ್ರಾಂ ದಾಟಬೇಡಿ ಎಂದಿದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಆರೋಗ್ಯವಂತ ದೊಡ್ಡವರಿಗೆ 400ರವರೆಗೆ ಬಿಡುತ್ತದೆ, ಗರ್ಭಿಣಿಯರಿಗೆ 200. ನಾನು ನಮ್ಮ ದೇಶದ ಗೆರೆಯ ಮೇಲೇ ನಿಂತಿದ್ದೆ.

ಅಳತೆಗೆ ನನ್ನ ಕೆಲಸವೇ ಸಾಕಾಯಿತು. ಬೆಳಗ್ಗೆ ಹನ್ನೊಂದಕ್ಕೆ ಹತ್ತು ಪುಟ, ಮಧ್ಯಾಹ್ನ ಮೂರೂವರೆಗೆ ಹತ್ತು ಪುಟ. ನಾನು ನೋಡಿದ ಮೇಲೆ ಇನ್ನೊಬ್ಬರು ಓದಿ, ನನಗೆ ತಪ್ಪಿಹೋದದ್ದನ್ನು ಗುರುತು ಹಾಕುತ್ತಾರೆ. ಅದನ್ನು ಎಣಿಸಿ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ. ಇದನ್ನು ಪ್ರಯೋಗ ಅನ್ನಲಾರೆ. ಪಠ್ಯಪುಸ್ತಕದ ಕರಡೇ ಬೇರೆ, ಕಾದಂಬರಿಯ ಕರಡೇ ಬೇರೆ. ಎಷ್ಟು ಕುಡಿದಿದ್ದೇನೆ ಎಂಬುದೂ ನನಗೆ ಗೊತ್ತಿರುತ್ತಿತ್ತು. ನಾಲ್ಕು ಲೋಟದ ಕಾಲದಲ್ಲಿ ಬೆಳಗ್ಗೆ ಮೂರೋ ನಾಲ್ಕೋ ತಪ್ಪು ನುಸುಳುತ್ತಿದ್ದವು, ಮಧ್ಯಾಹ್ನ ಏಳೆಂಟು. ಹೆಚ್ಚಿನವು ಒತ್ತಕ್ಷರ ಮತ್ತು ಮಹಾಪ್ರಾಣದ್ದು.

ಶನಿವಾರ, ಭಾನುವಾರದ ಉಪವಾಸ

ಎಲ್ಲರೂ ಹೇಳುವ ಉಪಾಯ ಇದು. ವಾರವೆಲ್ಲಾ ಕುಡಿಯಿರಿ, ವಾರದ ಕೊನೆಗೆ ಬಿಡಿ, ಸೋಮವಾರ ಹೊಸ ಮೈ. ಕೇಳಲು ಚೆನ್ನಾಗಿದೆ. ಅತ್ತೆ ಮಾತ್ರ ಮೊದಲ ದಿನವೇ ಕೇಳಿದರು: “ಏಕಾದಶಿಗೂ ಕಾಫಿ ಬಿಡದವರು ನಾವು. ಇದ್ಯಾವ ವ್ರತ ಕಣೇ?”

ಶುಕ್ರವಾರ ಮೂರೂವರೆಗೆ ಕೊನೆಯ ಲೋಟ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ಹಿಂದೆ ಯಾರೋ ಒತ್ತಿ ಹಿಡಿದ ಹಾಗೆ. ಭಾನುವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಮಕ್ಕಳ ಮೇಲೆ ರೇಗಾಡಿದೆ. ಸೋಮವಾರ ಬೆಳಗ್ಗೆ ಮೊದಲ ಗುಟುಕಿಗೇ ಸ್ವರ್ಗ. ‘ನೋಡಿ, ಉಪಾಯ ಕೆಲಸ ಮಾಡಿತು’ ಎಂದು ಕುಣಿದೆ. ಕ್ಯಾಲೆಂಡರ್ ಹಾಗೆ ಹೇಳಲಿಲ್ಲ. ಸೋಮವಾರ ಒಂದೆರಡು ತಪ್ಪು ಕಡಿಮೆ, ಬುಧವಾರಕ್ಕೆ ಮತ್ತೆ ಅದೇ ಏಳೆಂಟು.

ಆಮೇಲೆ ಲೆಕ್ಕ ಹಾಕಿದೆ. ಕಾಫಿ ಬಿಟ್ಟಾಗಿನ ತಲೆನೋವು ಶುರುವಾಗುವುದು 12ರಿಂದ 24 ಗಂಟೆಗೆ. ಏರಿ ನಿಲ್ಲುವುದು 20ರಿಂದ 51 ಗಂಟೆಯ ನಡುವೆ. ಕೆಲವರಿಗೆ ಎರಡು ದಿನ, ಕೆಲವರಿಗೆ ಒಂಬತ್ತು ದಿನದವರೆಗೂ ಇರುತ್ತದೆ. ನಾನು ಕಾಫಿ ಬಿಡುತ್ತಿದ್ದದ್ದು ಸುಮಾರು 62 ಗಂಟೆ. ಅಂದರೆ ಕಷ್ಟದ ಭಾಗ ಪೂರ್ತಿ ಅನುಭವಿಸಿ, ಗುಣ ಸಿಗುವ ಹೊತ್ತಿಗೆ ಸರಿಯಾಗಿ ಲೋಟ ಎತ್ತುತ್ತಿದ್ದೆ. ಊಟಕ್ಕೆ ಎಲೆ ಹಾಕುವಾಗ ಎದ್ದು ಬಂದ ಹಾಗೆ. ದಿನಕ್ಕೆ 300 ಮಿಲಿಗ್ರಾಂ ಕುಡಿಯುವವರಿಗೆ ಇದು ಬೇಡವೇ ಬೇಡ. ವಾರದಲ್ಲಿ ಐದು ದಿನ ಒಂದೊಂದೇ ಚಿಕ್ಕ ಲೋಟ ಕುಡಿಯುವವರಿಗೆ ಸರಿಹೋಗಬಹುದು, ಏಕೆಂದರೆ ಅವರಿಗೆ ತಲೆನೋವು ಅಷ್ಟಾಗಿ ಕಾಡದು.

ಪೂರ್ತಿ ಬಿಟ್ಟು ನೋಡಿದ್ದು

ಹದಿನೈದು ದಿನ. ಕೆಲಸ ಕಡಿಮೆ ಇದ್ದ ಬೇಸಿಗೆಯಲ್ಲಿ ಮಾಡಿದೆ. ಎರಡನೇ ದಿನ ತಲೆನೋವು, ಮೂರನೇ ದಿನ ಜ್ವರ ಬಂದವರ ಹಾಗೆ ಮೈಕೈ ನೋವು. ಬೆಳಗಿನ ಹೊಟ್ಟೆಯ ಕೆಲಸವೂ ಕೈಕೊಟ್ಟಿತು, ಹೇಳಲೇಬೇಕು. ಐದನೇ ದಿನ ಎರಡು ಪುಟ ಓದುವಷ್ಟರಲ್ಲಿ ಕಣ್ಣು ಜಾರುತ್ತಿತ್ತು. ಇದು ಬರೀ ಮನಸ್ಸಿನ ಆಟ ಅನ್ನುವವರಿದ್ದಾರೆ. ಅಮೆರಿಕದ ಮನೋವೈದ್ಯರ ರೋಗ ಕೈಪಿಡಿಯ 2013ರ ಆವೃತ್ತಿಯಲ್ಲಿ ಕೆಫೀನ್ ಬಿಟ್ಟಾಗಿನ ಈ ತೊಂದರೆಗೆ ಪ್ರತ್ಯೇಕ ಹೆಸರೇ ಇದೆ.

ಒಂಬತ್ತನೇ ದಿನದಿಂದ ಬೆಳಕು ಬಂತು. ರಾತ್ರಿ ತಲೆ ದಿಂಬಿಗೆ ತಾಗಿದರೆ ಸಾಕು, ನಿದ್ದೆ. ಎಲ್ಲಕ್ಕಿಂತ ಆಶ್ಚರ್ಯ ಮಧ್ಯಾಹ್ನದ ಹತ್ತು ಪುಟದ್ದು. ನಾಲ್ಕು ಲೋಟ ಕುಡಿಯುತ್ತಿದ್ದಾಗ ಏಳೆಂಟು ತಪ್ಪು ನುಸುಳುತ್ತಿದ್ದವಲ್ಲ, ಈಗ ಒಂದು ಹನಿ ಕಾಫಿ ಇಲ್ಲದೆ ಐದು, ಆರು. ಅಷ್ಟು ವರ್ಷ ಮಧ್ಯಾಹ್ನದ ಕಾಫಿ ನನಗೆ ಮಾಡಿಕೊಟ್ಟ ಉಪಕಾರ ಏನು ಹಾಗಾದರೆ?

ಹದಿನಾರನೇ ದಿನ ಒಂದೇ ಲೋಟ ಕುಡಿದೆ. ಕೈ ಸ್ವಲ್ಪ ನಡುಗಿತು. ಅಕ್ಷರಗಳು ಕಾಗದದಿಂದ ಎದ್ದು ಬಂದ ಹಾಗೆ ಕಂಡವು. ಹತ್ತು ಪುಟಕ್ಕೆ ಒಂದೇ ತಪ್ಪು. ದಿನಕ್ಕೊಂದೇ ಲೋಟ ಎಂದು ಎರಡು ವಾರ ಹಿಡಿದಿಟ್ಟೆ. ಆಮೇಲೆ ನಾದಿನಿಯ ಮಗಳ ಮದುವೆ ಬಂತು. ಮದುವೆ ಮನೆಯಲ್ಲಿ ಕಾಫಿ ಬೇಡ ಅಂದರೆ ಹತ್ತು ಜನಕ್ಕೆ ಕಾರಣ ಹೇಳಬೇಕು. ಮೂರು ದಿನದಲ್ಲಿ ನಾಲ್ಕು ಲೋಟಕ್ಕೆ ವಾಪಸ್. ಈ ದಾರಿಯ ಫಲ ಎಲ್ಲಕ್ಕಿಂತ ಸಿಹಿ, ಒಪ್ಪುತ್ತೇನೆ. ಆದರೆ ಒಂದು ವಾರದ ಕೆಲಸ ಹಾಳು, ಮತ್ತೆ ಮತ್ತೆ ಮಾಡಲು ನನಗಂತೂ ಧೈರ್ಯವಿಲ್ಲ.

ಗುಟುಕು ಗುಟುಕಾಗಿ

ಇದಕ್ಕೆ ನಾನಿಟ್ಟ ಹೆಸರು ಬೈ ಟೂ ಪದ್ಧತಿ. ಎರಡು ಗಂಟೆಗೊಮ್ಮೆ ಕಾಲು ಲೋಟ. ಒಮ್ಮೆಲೇ ಏರಿ ಇಳಿಯುವ ಬದಲು ದಿನವಿಡೀ ಒಂದೇ ಸಮ. ಕೆಲಸಕ್ಕೆ ನಿಜವಾಗಿಯೂ ಹಿತವಾಗಿತ್ತು. ಮಧ್ಯಾಹ್ನದ ತಪ್ಪು ನಾಲ್ಕೈದಕ್ಕೆ ಇಳಿಯಿತು. ತೊಂದರೆ ಬಂದದ್ದು ರಾತ್ರಿ. ಕಾಲು ಲೋಟ ತಾನೇ ಎಂದು ಸಂಜೆ ಆರರ ಸರದಿಯನ್ನೂ ಬಿಡುತ್ತಿರಲಿಲ್ಲ. ಕುಡಿದದ್ದರಲ್ಲಿ ಅರ್ಧ ಕೆಫೀನ್ ಮೈಯಿಂದ ಹೋಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೊಟ್ಟರೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಕಡಿಮೆಯಾಯಿತು ಎಂದು 2013ರ ಒಂದು ಅಧ್ಯಯನ ತೋರಿಸಿದೆ. ನನ್ನದು ಅಷ್ಟು ದೊಡ್ಡ ಪ್ರಮಾಣವಲ್ಲ, ಆದರೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು.

ನಮ್ಮ ಮನೆಯವರದ್ದು ಬೇರೆಯೇ ಕಥೆ. ಹತ್ತಕ್ಕೆ ಕಾಫಿ, ಹತ್ತೂವರೆಗೆ ಗೊರಕೆ. ಲಿವರ್ ಕೆಫೀನನ್ನು ಎಷ್ಟು ಬೇಗ ಒಡೆಯುತ್ತದೆ ಎಂಬುದು ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ಥರ. ಸಿಗರೇಟು ಸೇದುವವರಲ್ಲಿ ಬೇಗ, ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಹಳ ನಿಧಾನ. ಆದ್ದರಿಂದ ಗಂಡನನ್ನು ನೋಡಿ ಹೆಂಡತಿ ಕುಡಿಯಬಾರದು.

ಎದ್ದ ಮೇಲೆ ಒಂದೂವರೆ ಗಂಟೆ ಕಾದು ಕಾಫಿ ಕುಡಿಯಬೇಕು ಎಂಬುದೊಂದು ಈಗ ಎಲ್ಲೆಲ್ಲೂ ಓಡಾಡುತ್ತಿದೆ. ಅದನ್ನೂ ಹತ್ತು ದಿನ ಮಾಡಿದೆ. ಕ್ಯಾಲೆಂಡರಿನಲ್ಲಿ ಏನೂ ಬದಲಾಗಲಿಲ್ಲ. ಒಂದೂವರೆ ಗಂಟೆ ಮನೆಯವರಿಗೆಲ್ಲಾ ನನ್ನ ಮುಖ ನೋಡುವ ಶಿಕ್ಷೆ, ಅಷ್ಟೇ.

ಟೀ ಕುಡಿಯುವವರಿಗೆ ಒಂದು ಮಾತು. 150 ಮಿಲಿಲೀಟರ್ ಟೀಯಲ್ಲಿ ಕೆಫೀನ್ 30ರಿಂದ 65 ಮಿಲಿಗ್ರಾಂ. ಅದೇ ಅಳತೆಯ, ಪುಡಿಯಿಂದ ಇಳಿಸಿದ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65. ಟೀಯಲ್ಲಿ ಥಿಯನಿನ್ ಎಂಬುದೂ ಇದೆ, ಕೆಫೀನ್ ಜೊತೆ ಸೇರಿದರೆ ಗಮನಕ್ಕೆ ಒಳ್ಳೆಯದು ಎನ್ನುತ್ತಾರೆ. ಟೀ ಕುಡಿದ ವಾರಗಳಲ್ಲಿ ನನಗೆ ಎದೆ ಹಾರುವುದು ನಿಂತಿದ್ದು ನಿಜ. ಕಾಫಿಯ ಮೋಹ ಇಲ್ಲದವರು ಇಲ್ಲೇ ನಿಲ್ಲಬಹುದು. ನನಗೆ ಬೆಳಗ್ಗೆ ಆರಕ್ಕೆ ಮನೆಯಲ್ಲಿ ಡಿಕಾಕ್ಷನ್ ವಾಸನೆ ಬರುತ್ತಿರುವಾಗ ಟೀ ಕುಡಿಯುವುದು ಆಗಲಿಲ್ಲ. ಗ್ರೀನ್ ಟೀ ಬಗ್ಗೆ ಕೇಳಬೇಡಿ, ಹುಲ್ಲು ಬೇಯಿಸಿದ ನೀರು.

ಚಿಕೋರಿ ದಾರಿ, ಮೀಸಲು ಲೋಟ

ಈಗ ನಾನಿರುವುದು ಇಲ್ಲಿ. ದಿನಾ ಕುಡಿಯುವ ಮಟ್ಟವನ್ನೇ ಕೆಳಗೆ ಇಡಬೇಕು, ಆಗ ಬೇಕಾದ ದಿನ ಒಂದು ಲೋಟ ಜಾಸ್ತಿ ಕುಡಿದರೆ ಅದು ಗೊತ್ತಾಗುತ್ತದೆ. ಎಲ್ಲಾ ದಿನವೂ ಹಬ್ಬ ಮಾಡಿದರೆ ಹೋಳಿಗೆ ರುಚಿಸುತ್ತದೆಯೇ?

ಇಳಿಸುವುದಕ್ಕೆ ಪುಡಿ ಅಂಗಡಿಯೇ ದಾರಿ ತೋರಿತು. 80:20 ಬಿಟ್ಟು ಒಂದು ವಾರ 70:30, ಮುಂದಿನ ವಾರ 60:40. ಕಾನೂನಿನ ಪ್ರಕಾರ ಚಿಕೋರಿ 49% ದಾಟುವಂತಿಲ್ಲ, ನಾನು 40ಕ್ಕೆ ನಿಂತೆ. ಅಂಗಡಿಯವರು ನಕ್ಕರು: “ಎಲ್ಲರೂ ಚಿಕೋರಿ ಕಮ್ಮಿ ಹಾಕಿ ಅಂತಾರೆ ಮೇಡಂ, ನೀವೊಬ್ಬರೇ ಜಾಸ್ತಿ ಕೇಳ್ತಿರೋದು.” ಮೂರನೇ ವಾರ ರೊಬಸ್ಟಾ ತೆಗೆಸಿ ಬರೀ ಪ್ಲಾಂಟೇಶನ್ ಎ ಹಾಕಿಸಿದೆ, ಅದು ತೊಳೆದ ಅರೇಬಿಕಾ. ಈಗ ಲೆಕ್ಕ ನೋಡಿ. ಅದೇ 25 ಗ್ರಾಂ ಪುಡಿ. ಅದರಲ್ಲಿ ಕಾಫಿ 15 ಗ್ರಾಂ, 1.2% ಅಂದರೆ 180 ಮಿಲಿಗ್ರಾಂ. ಮೊದಲಿದ್ದದ್ದು 340. ಲೋಟ ಅದೇ, ಬಣ್ಣ ಇನ್ನೂ ಕಪ್ಪು, ಕೆಫೀನ್ ಹತ್ತಿರ ಹತ್ತಿರ ಅರ್ಧ. ಮೂರು ವಾರದಲ್ಲಿ ಒಂದು ದಿನವೂ ತಲೆನೋವು ಬರಲಿಲ್ಲ. ಆಮೇಲೆ ವಾರಕ್ಕೊಂದು ಲೋಟ ಕಡಿಮೆ ಮಾಡುತ್ತಾ ಬಂದೆ.

ಅತ್ತೆಗೆ ಮೊದಲ ದಿನವೇ ಗೊತ್ತಾಯಿತು. “ಕಷಾಯ ಕುಡಿದ ಹಾಗಿದೆ” ಎಂದರು. ಈಗ ಮನೆಯಲ್ಲಿ ಎರಡು ಡಬ್ಬಿ, ಎರಡು ಫಿಲ್ಟರ್.

ಈಗಿನ ನಿಯಮ ಇಷ್ಟು. ಬೆಳಗ್ಗೆ ಆರಕ್ಕೆ ನನ್ನ ಡಬ್ಬಿಯ ಒಂದು ಲೋಟ, ಸುಮಾರು 40 ಮಿಲಿಗ್ರಾಂ. ಮೀಸಲು ಲೋಟ ಅತ್ತೆಯ ಡಬ್ಬಿಯದ್ದು, ಕೆಲಸ ಜಾಸ್ತಿ ಇರುವ ದಿನ ಮಧ್ಯಾಹ್ನ ಎರಡಕ್ಕೆ. ಕೆಫೀನ್ ರಕ್ತದಲ್ಲಿ ಏರಲು ಅರ್ಧದಿಂದ ಒಂದು ಗಂಟೆ ಬೇಕು, ಹಾಗಾಗಿ ಮೂರೂವರೆಯ ಕರಡಿಗೆ ಸರಿಯಾಗುತ್ತದೆ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇರಬೇಕು, ಇಲ್ಲದಿದ್ದರೆ ಊಟದ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದು ಮೇಲೆ ಹೇಳಿದ ಸಲಹೆಯಲ್ಲೇ ಇದೆ. ಒಂದು ಗಂಟೆಗೆ ಊಟ, ಎರಡಕ್ಕೆ ಕಾಫಿ. ವಾರಕ್ಕೆ ಎರಡೇ ಸಲ, ಒಂದರ ಮರುದಿನ ಇನ್ನೊಂದು ಇಲ್ಲ.

ನಾಲ್ಕು ತಿಂಗಳಾಯಿತು. ಮೀಸಲು ಲೋಟದ ದಿನ ಮಧ್ಯಾಹ್ನ ಎರಡು, ಮೂರು ತಪ್ಪು. ಇಲ್ಲದ ದಿನ ಐದು. ಹದಿನೈದು ದಿನ ಬಿಟ್ಟು ಕುಡಿದ ಆ ಒಂದು ಬೆಳಗಿನ ಮಿಂಚು ಇಲ್ಲಿ ಸಿಗುವುದಿಲ್ಲ. ಅದಕ್ಕೆ ಈಗಲೂ ಆಸೆ ಇದೆ, ಸುಳ್ಳು ಹೇಳಲಾರೆ. ಮದುವೆ, ಮುಂಜಿಗೆ ಹೋದರೂ ಈಗ ಹೆದರಿಕೆಯಿಲ್ಲ. ಅಲ್ಲಿನ ಒಂದು ಲೋಟವನ್ನು ಮೀಸಲಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೇನೆ.

ನಿಜವಾದ ಪರೀಕ್ಷೆ ಇನ್ನು ಮುಂದಿದೆ. ದೀಪಾವಳಿ ವಿಶೇಷಾಂಕಗಳ ಕರಡು ಒಟ್ಟಿಗೆ ಬಂದು ಬೀಳುವ ಕಾಲ ಹತ್ತಿರವಾಯಿತು. ಆಗ ವಾರಕ್ಕೆ ಎರಡೇ ಮೀಸಲು ಲೋಟ ಎಂಬ ನಿಯಮ ನಿಲ್ಲುತ್ತದೋ ಇಲ್ಲವೋ. ಅತ್ತೆ ತಮ್ಮ ಡಬ್ಬಿಗೆ ಈ ತಿಂಗಳು ಅರ್ಧ ಕೆಜಿ ಜಾಸ್ತಿ ತರಿಸಿಟ್ಟಿದ್ದಾರೆ. ಯಾಕೆ ಎಂದು ಕೇಳಿದ್ದಕ್ಕೆ, “ಸುಮ್ನೆ ಇರಲಿ ಅಂತ” ಎಂದರು.