ಹಡಗಿನ ಬ್ಲಾಕಿಗೆ ಚನ್ನಪಟ್ಟಣದ ಆಲೆ ಮರ: ಆರು ತಿಂಗಳು ಬಳಸಿದ ಮೇಲೆ

ನಾಲ್ಕು ಮಿಲಿಮೀಟರ್ ಉದ್ದದ ಒಂದು ಮರದ ಕಾಳು ಈಗ ನನ್ನ ಬೆರಳ ತುದಿಯಲ್ಲಿದೆ. ಅಕ್ಕಿಕಾಳಿಗಿಂತ ಗಿಡ್ಡ, ಸ್ವಲ್ಪ ದಪ್ಪ. ಇದಕ್ಕೆ ಎರಡು ತೂತು, ನಡುವೆ ಒಂದು ಗೀರು, ಸುತ್ತ ಹಗ್ಗ ಕೂರಲು ಒಂದು ಕಚ್ಚು. ಹಾಯಿಹಡಗಿನಲ್ಲಿ ಹಗ್ಗ ಎಳೆಯುವ ಮರದ ರಾಟೆ ಇದು, ಬ್ಲಾಕ್ ಅಂತಾರೆ. ಇಂಥವು ನನ್ನ ಮಾದರಿ ಹಡಗಿಗೆ 300ಕ್ಕೂ ಜಾಸ್ತಿ ಬೇಕು.

ನಾನು ಮೈಸೂರಿನಲ್ಲಿ ಹಲ್ಲಿನ ಡಾಕ್ಟರು. ಕಟ್ಟುತ್ತಿರುವುದು ಟ್ರಿಂಕೋಮಲಿ ಹಡಗನ್ನು, 1:64 ಅಳತೆಯಲ್ಲಿ. ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ ಅವರು ಬ್ರಿಟಿಷ್ ನೌಕಾಪಡೆಗಾಗಿ ಮುಂಬೈಯಲ್ಲಿ ತೇಗದಿಂದ ಕಟ್ಟಿ, 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದ ಹಡಗು ಅದು. ಈಗಲೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೇ ಇದೆ. ನಮ್ಮಣ್ಣ ನ್ಯೂಕ್ಯಾಸಲ್‌ನಲ್ಲಿರುತ್ತಾನೆ. ಅವನ ಜೊತೆ ಹೋಗಿ ನೋಡಿದ ದಿನ ನಾನು ಫಿರಂಗಿಗಿಂತ ಹೆಚ್ಚು ಹೊತ್ತು ಕತ್ತೆತ್ತಿ ಬ್ಲಾಕುಗಳನ್ನೇ ನೋಡುತ್ತಿದ್ದೆ. ಪ್ರತಿಯೊಂದು ಹಗ್ಗವೂ ಯಾವುದೋ ಒಂದು ಬ್ಲಾಕಿನ ಮೂಲಕವೇ ಕೆಲಸ ಮಾಡುತ್ತದೆ. ಅದರ ಆಕಾರ ತಪ್ಪಿದರೆ ಇಡೀ ಹಡಗು ಆಟಿಕೆಯ ಹಾಗೆ ಕಾಣುತ್ತದೆ.

ಮೊದಲು ಆನ್‌ಲೈನ್‌ನಲ್ಲಿ ರೆಡಿಮೇಡ್ ಬ್ಲಾಕಿನ ಪ್ಯಾಕೆಟ್ ತರಿಸಿದ್ದೆ. ಅಂಗಡಿಯ ಹೆಸರು ಬೇಡ. ಉದ್ದ ಅಗಲ ಎರಡೂ ಒಂದೇ, ಮೂಲೆ ಮಾತ್ರ ಸ್ವಲ್ಪ ಸವರಿದ್ದರು. ತೂತು ಸರಿಯಾಗಿ ನಡುಮಧ್ಯೆ. ಅದೇ ದೊಡ್ಡ ತಪ್ಪು. ನಮ್ಮಜ್ಜಿ ಮನೆಯ ಬಾವಿಯ ರಾಟೆ ನೆನಪು ಮಾಡಿಕೊಳ್ಳಿ. ಹಗ್ಗ ರಾಟೆಯ ನಡುವೆ ತೂರಿ ಹೋಗುತ್ತದಾ? ಇಲ್ಲ, ಗಾಲಿಯ ಮೇಲೆ ಹತ್ತಿ ಆ ಕಡೆ ಇಳಿಯುತ್ತದೆ. ಬ್ಲಾಕಿನಲ್ಲೂ ಅಷ್ಟೇ. ನೇತುಹಾಕಿದ ತುದಿಯ ಹತ್ತಿರವೇ ಹಗ್ಗದ ತೂತು ಇರಬೇಕು, ಅದರ ಕೆಳಗೆ ಗಾಲಿ ತುಂಬಿಕೊಂಡಿರಬೇಕು.

ಅಳತೆಗೆ ನಾನು ನೆಚ್ಚಿಕೊಂಡಿರುವುದು ಡೇವಿಡ್ ಸ್ಟೀಲ್ ಅನ್ನುವವರು 1794ರಲ್ಲಿ ಹಡಗಿನ ಹಗ್ಗ-ಹಾಯಿಗಳ ಬಗೆಗಿನ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಲೆಕ್ಕ. ಹಗ್ಗದ ದಪ್ಪಕ್ಕಿಂತ ಗಾಲಿ ಹತ್ತರಲ್ಲೊಂದು ಪಾಲು ಜಾಸ್ತಿ ದಪ್ಪ. ಗಾಲಿ ಕೂರುವ ಸಂದಿನ ಅಗಲದ ಎಂಟರಷ್ಟು ಬ್ಲಾಕಿನ ಉದ್ದ. ಗಾಲಿಯ ದಪ್ಪದ ಆರರಷ್ಟು ಅಗಲ. ಉದ್ದದ ಅರ್ಧ ದಪ್ಪ. ಅಂದರೆ 10 ಇಂಚಿನ ಬ್ಲಾಕು ನನ್ನ ಅಳತೆಯಲ್ಲಿ 4 ಮಿ.ಮೀ. ಉದ್ದ, 2.8 ಅಗಲ, 2 ದಪ್ಪ. ಚೌಕ ಅಲ್ಲವೇ ಅಲ್ಲ.

ಸರಿ, ನಾನೇ ಮಾಡೋಣ ಅಂತ ಕೂತೆ. ತೇಗ ಆಗಲಿಲ್ಲ. ಅದರ ಸಣ್ಣ ರಂಧ್ರಗಳೇ ಈ ಅಳತೆಯಲ್ಲಿ ಬಾವಿಯಂತೆ ಕಾಣುತ್ತವೆ. ಬೀಟೆ ಅಂಚಿನಲ್ಲಿ ಸಿಬಿರು ಎದ್ದಿತು. ಹೊರದೇಶದವರು ಬಳಸುವ ಬಾಕ್ಸ್‌ವುಡ್ ತರಿಸಿದರೆ ಮರಕ್ಕಿಂತ ಸಾಗಣೆಯ ಖರ್ಚೇ ಜಾಸ್ತಿ. ಆಗ ಹೊಳೆದದ್ದು ಚನ್ನಪಟ್ಟಣದ ಗೊಂಬೆಯ ಮರ, ಆಲೆ. ಕೆಲವರು ಹಾಲೆ ಅಂತಲೂ ಕರೆಯುತ್ತಾರೆ. ಹಸಿ ಗಿಡ ಕೊಯ್ದರೆ ಹಾಲು ಬರುತ್ತದೆ.

ಮೊದಲನೇ ಸಲ ರಸ್ತೆ ಬದಿಯ ಒಂದು ಅಂಗಡಿಯಲ್ಲಿ ತಂದ ತುಂಡು ಹಸಿಯಿತ್ತು. 60 ಬ್ಲಾಕು ಮಾಡಿ ಡಬ್ಬಿಯಲ್ಲಿಟ್ಟಿದ್ದೆ. ಮೂರು ವಾರಕ್ಕೆ ಕುಗ್ಗಿ, ದುಂಡಗಿದ್ದ ತೂತೆಲ್ಲ ಮೊಟ್ಟೆಯಾಕಾರವಾಗಿತ್ತು. ಎಲ್ಲವನ್ನೂ ಎಸೆದೆ, ಸಂಕಟವಾಯಿತು. ಎರಡನೇ ಸಲ ಊರೊಳಗೆ ಹೋಗಿ, ಮನೆಯಲ್ಲೇ ಲೇತ್ ಇಟ್ಟುಕೊಂಡ ಹಿರಿಯರೊಬ್ಬರನ್ನು ಕೇಳಿದೆ. ಅವರು ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದರು. ಟಣ್ ಅಂತು. "ಈ ಸದ್ದು ಬರಬೇಕಮ್ಮ. ಹಸಿ ಮರ ಆದ್ರೆ ದಬ್ ಅನ್ನತ್ತೆ," ಅಂದರು. ಒಂದು ಅಡಿ ಉದ್ದ, ಹೆಬ್ಬೆರಳ ದಪ್ಪದ 10 ತುಂಡಿಗೆ 300 ರೂಪಾಯಿ ತೆಗೆದುಕೊಂಡರು. ಒಂದೊಂದರಲ್ಲಿ 200 ಬ್ಲಾಕು ಆರಾಮಾಗಿ ಬರುತ್ತದೆ.

ಈ ಮರದ ಗುಣ ಗೊತ್ತಾಗುವುದು ತೂತು ಕೊರೆಯುವಾಗ. ನಾನು ಬಳಸುವುದು ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುವ ಅರ್ಧ ನಂಬರಿನ ಗುಂಡು ಬರ್, 0.6 ಮಿ.ಮೀ. 0.43 ಮಿ.ಮೀ. ದಪ್ಪದ ದಾರಕ್ಕೆ ಸರಿಹೋಗುತ್ತದೆ. ಬೇರೆ ಮರಗಳಲ್ಲಿ ಗಟ್ಟಿ ಪದರ, ಮೆತ್ತನೆ ಪದರ ಅಂತ ಇರುತ್ತದೆ. ಬರ್ ಮೆತ್ತನೆ ಕಡೆಗೆ ಜಾರಿ, ಈ ಮುಖದಲ್ಲಿ ಸರಿಯಾಗಿ ಹೊಕ್ಕಿದ್ದು ಆ ಮುಖದಲ್ಲಿ ಓರೆಯಾಗಿ ಹೊರಬರುತ್ತದೆ. ಆಲೆಯಲ್ಲಿ ಎಲ್ಲ ಕಡೆ ಒಂದೇ ಹದ. ನಿಧಾನ ವೇಗದಲ್ಲಿ ಇಟ್ಟರೆ ನೆಟ್ಟಗೆ ಇಳಿಯುತ್ತದೆ, ಬಿಳೀ ಹಿಟ್ಟಿನಂಥ ಪುಡಿ ಬರುತ್ತದೆ. ಮೇಲಿನ ತೂತನ್ನು ಪೂರ್ತಿ ಕೊರೆಯುತ್ತೇನೆ, ಕೆಳಗಿನದನ್ನು ಎರಡೂ ಮುಖದಲ್ಲಿ ಸ್ವಲ್ಪ ಮಾತ್ರ. ಎರಡನ್ನೂ ಸೇರಿಸಿ ಒಂದು ಗೀರು ಎಳೆದು, ಗೀರಿನ ತಳವನ್ನು ಒಂಚೂರು ದುಂಡಗೆ ಮಾಡಿದರೆ ಒಳಗೆ ಗಾಲಿ ಕೂತ ಹಾಗೇ ಕಾಣುತ್ತದೆ. ಅಗಲದ ಕೆನ್ನೆಗಳ ಮೇಲೂ ಎರಡೂ ತುದಿಯಲ್ಲೂ ಸಣ್ಣ ಅರದಿಂದ ಕಚ್ಚು ಹಾಕುತ್ತೇನೆ, ಸುತ್ತುವ ಹಗ್ಗ ಅದರಲ್ಲಿ ಕೂರಬೇಕು. ಇಷ್ಟೆಲ್ಲ ಉದ್ದ ಪಟ್ಟಿಯ ಮೇಲೇ ಆಗಬೇಕು. ಕತ್ತರಿಸುವುದು ಕೊನೆಗೆ.

ಕೈಯಲ್ಲಿ ಮಾಡಿದ್ದು ಅಂತ ಒಂದೊಂದು ಒಂದೊಂದು ಥರ ಇದ್ದರೂ ಚೆಂದ ಅನ್ನುವವರಿದ್ದಾರೆ. ಟ್ರಿಂಕೋಮಲಿ ಕಾಲದ ಹಡಗಿಗೆ ಅದು ಸರಿಯಲ್ಲ. ಬ್ರಿಟಿಷ್ ನೌಕಾಪಡೆಯ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಮಾರ್ಕ್ ಬ್ರೂನೆಲ್ ವಿನ್ಯಾಸ ಮಾಡಿ ಹೆನ್ರಿ ಮಾಡ್ಸ್ಲೆ ತಯಾರಿಸಿದ ಯಂತ್ರಗಳು 1808ರ ಹೊತ್ತಿಗೆ ವರ್ಷಕ್ಕೆ ಸುಮಾರು 1,30,000 ಬ್ಲಾಕು ಹೊರಹಾಕುತ್ತಿದ್ದವು. ಎಲ್ಮ್ ಮರದ ಚಿಪ್ಪು, ಲಿಗ್ನಮ್ ವೀಟೆ ಅನ್ನುವ ಕಬ್ಬಿಣದಂಥ ಮರದ ಗಾಲಿ. ಆ ಯಂತ್ರದಲ್ಲಿ ಬಂದ 10 ಇಂಚಿನ ಬ್ಲಾಕುಗಳೆಲ್ಲ ಒಂದೇ ತರಹ. ಅದಕ್ಕೇ ತೂತಿನ ಜಾಗ ತಪ್ಪದಿರಲಿ ಅಂತ ಹಿತ್ತಾಳೆ ತಗಡಿನಲ್ಲಿ ಒಂದು ಅಚ್ಚು ಮಾಡಿಕೊಂಡೆ. ಇದೊಂದನ್ನು ಮಾತ್ರ ದಯವಿಟ್ಟು ಸುಮ್ನೆ ಬಿಡಬೇಡಿ, ಮೊದಲ ದಿನವೇ ಮಾಡಿಕೊಳ್ಳಿ.

ಕೊರತೆಗಳೂ ಇವೆ. ಆಲೆ ಬಾಕ್ಸ್‌ವುಡ್‌ನಷ್ಟು ಗಟ್ಟಿಯಲ್ಲ. ದಾರ ಜೋರಾಗಿ ಎಳೆದರೆ ತೂತಿನ ಅಂಚು ನಜ್ಜಾಗುತ್ತದೆ. 8 ಇಂಚಿನ ಬ್ಲಾಕು, ಅಂದರೆ 3.2 ಮಿ.ಮೀ.ವರೆಗೆ ತೊಂದರೆಯಿಲ್ಲ. ಅದಕ್ಕಿಂತ ಚಿಕ್ಕದಾದರೆ ಕೆನ್ನೆ ಒಡೆಯುತ್ತದೆ, ಅಲ್ಲಿ ಬಾಕ್ಸ್‌ವುಡ್ಡೇ ಬೇಕು. ಬಣ್ಣ ಬಿಳಿ, ಹಾಗೇ ಬಿಟ್ಟರೆ ಹಲ್ಲಿನ ಹಾಗೆ ಕಾಣುತ್ತದೆ. ಕಾಫಿ ಡಿಕಾಕ್ಷನ್‌ನಲ್ಲಿ ನೆನೆಸಿದೆ, ನೀರು ಕುಡಿದು ಜುಂಗು ಎದ್ದಿತು. ಕೊನೆಗೆ ಎಲೆಯಡಿಕೆಯ ಕಾಚನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಸೋಸಿ, ಅದರಲ್ಲಿ ಅದ್ದಿ ತೆಗೆದೆ. ಬೇಗ ಆರುತ್ತದೆ, ಜುಂಗಿಲ್ಲ, ಒಳ್ಳೆಯ ಕಂದು ಬಣ್ಣ. ಮೇಲೆ ಅಗಸೆ ಎಣ್ಣೆ ಒಂದು ಸಲ ಒರೆಸಿದರೆ ಸಾಕು. ಗೊಂಬೆಗೆ ಹಚ್ಚುವ ಅರಗು ಮಾತ್ರ ಹಚ್ಚಿಸಬೇಡಿ. ಬಂದರಿನಲ್ಲಿ ಬಿಸಿಲು ಮಳೆ ತಿಂದ ಬ್ಲಾಕು ಹಾಗೆ ಹೊಳೆಯುವುದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಸಣ್ಣ ಅಳತೆಗೆ. ಇಲ್ಲಿಯವರೆಗೆ 140 ಆಗಿವೆ. ಕೊಳ್ಳಲು ಹೋಗುವವರು ಹೆದ್ದಾರಿ ಬಿಟ್ಟು ಹಳೇ ರಸ್ತೆಯಲ್ಲಿ ಊರೊಳಗೆ ಹೋಗಿ, ಎರಡು ತುಂಡು ಬಡಿದು ಸದ್ದು ಕೇಳಿ ತನ್ನಿ.